ಗೋಷ್ಠಿಯಲ್ಲಿ ಅರ್ಥಾಂತರ

ನಂಬಿಗೆಯೂ ಪ್ರಮಾಣವೂ ಇದಿರುಬದಿರಾಗಿ ನಿಂತಾಗ ನಿರ್ಣಯಕ್ಕೆ ಮನುಷ್ಯನು ಹಿಡಿಯುವ ಮೊದಲ ಸಾಧನವು ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಸಾಧನವನ್ನು ಬಹು ಎಚ್ಚರದಿಂದ ಬಳಸಿದರು. ಅನುಭವಮಂಟಪವೆಂದರೆ ಉಪದೇಶವನ್ನು ಕೇಳಿ ತಲೆದೂಗುವವರ ಕೂಟವಲ್ಲ. ನುಡಿದವನನ್ನು ಪ್ರಶ್ನಿಸುವ, ಪ್ರಶ್ನಿಸಿದವನಿಗೆ ಉತ್ತರ ಕೊಡುವ ಗೋಷ್ಠಿಯೆಂದೇ ಪರಂಪರೆಯು ಅದನ್ನು ನೆನೆಯುತ್ತದೆ. ಆದರೆ ಮಾತಿಗೆ ಒಂದು ದೌರ್ಬಲ್ಯವುಂಟು. ಒಂದು ಪ್ರಶ್ನೆಯಿಂದ ಹೊರಟ ಚರ್ಚೆಯು ಸಂಬಂಧವಿಲ್ಲದ ಮಾತುಗಳಲ್ಲಿ ಹರಿದು ಹಂಚಿಹೋಗಿ, ಕೊನೆಗೆ ಮೂಲ ಪ್ರಶ್ನೆಯೇ ಯಾರಿಗೂ ನೆನಪಿಲ್ಲದಂತಾಗುತ್ತದೆ. ಇದು ಹೇಗೆ ಸಂಭವಿಸುತ್ತದೆ, ಇದಕ್ಕೆ ಪರಿಹಾರವೇನು ಎಂಬುದು ಇಲ್ಲಿಯ ವಿಚಾರ.

ರಾಯಬಾಗದ ಸೀಮೆಯಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ತಾಲೂಕಿನ ಉತ್ತರಕ್ಕೆ ಕುಡಚಿಯ ಬಳಿ ಕೃಷ್ಣೆಯು ಹರಿಯುತ್ತಾಳೆ. ಆದರೆ ನದಿಗೂ ಕಾಲುವೆಗೂ ದೂರವಾದ ಮಡ್ಡಿಯ ಹೊಲಗಳಿಗೆ ಬಾವಿ, ಕೊಳವೆಬಾವಿಗಳೇ ಗತಿ. ಬಾವಿ ಕೊರೆಯಿಸುವ ಮುನ್ನ ನೀರು ನೋಡುವವರನ್ನು ಕರೆಯಿಸುವ ರೂಢಿಯುಂಟು. ಅವರು ಅಂಗೈಯ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ; ಕಾಯಿ ಎದ್ದು ನಿಂತಲ್ಲಿ ನೀರಿದೆಯೆಂದು ಹೇಳುತ್ತಾರೆ. ಆ ಮಾತನ್ನು ನಂಬಿ ರೈತನು ಸಾಲದ ಹಣವನ್ನು ಭೂಮಿಗೆ ಸುರಿಯುತ್ತಾನೆ.

ಶ್ರಾವಣಮಾಸದ ಪ್ರವಚನ ಮುಗಿದ ಮೇಲೆ ಒಬ್ಬ ತರುಣನು ಎದ್ದು, ಕಾಯಿ ನಿಂತಲ್ಲಿ ನೀರಿರುವುದು ನಿಜವೇ ಎಂದು ಕೇಳಿದನೆನ್ನಿರಿ. ಹಿರಿಯರೊಬ್ಬರು, ಭೂವಿಜ್ಞಾನಿಗಳು ತೋರಿಸಿದಲ್ಲಿಯೂ ನೀರು ಬೀಳದೆ ಹೋದುದುಂಟೆಂದು ಹೇಳುವರು. ಇನ್ನೊಬ್ಬರು, ಈಗಿನ ಹುಡುಗರಲ್ಲಿ ಭಕ್ತಿಯೇ ಉಳಿದಿಲ್ಲ, ಇಂದು ಕಾಯಿಯನ್ನು ಅಲ್ಲಗಳೆದವರು ನಾಳೆ ಶಿವನನ್ನೂ ಅಲ್ಲಗಳೆವರು ಎಂದು ಮರುಗುವರು. ಪಂಡಿತರೊಬ್ಬರು ನಂಬಿಗೆಯೆಂಬ ಶಬ್ದದ ಮೂಲವನ್ನು ವಿವರಿಸಲು ತೊಡಗುವರು. ತರುಣನೂ ತಾಳ್ಮೆಗೆಟ್ಟು, ಕೂಡಿದವರೆಲ್ಲರೂ ಮೂಢರೆನ್ನುವನು. ಅಷ್ಟರಲ್ಲಿ ಯಾರೋ ಕಾರಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲಿನ ಸುದ್ದಿಯೆತ್ತುವರು. ಹೊತ್ತಾಯಿತೆಂದು ಮಂಗಳಾರತಿಯಾಗುವುದು. ಮರುದಿನ ಬಾವಿ ಕೊರೆಯಿಸಬೇಕಾಗಿದ್ದ ರೈತನು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದ್ದಾನೆ. ಆದರೆ ಅವನಿಗೆ ಬೇಕಾಗಿದ್ದ ಉತ್ತರವು ಮಾತ್ರ ದೊರೆಯಲಿಲ್ಲ.

ಈ ದೋಷಗಳನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಗೌತಮನ ನ್ಯಾಯಸೂತ್ರವು ಚರ್ಚೆಯಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನ ಪಕ್ಷವೆಂಬುದನ್ನು ಸ್ಥಾಪಿಸದೆ ಪರರದನ್ನು ಕೆಡಹುವುದು ವಿತಂಡ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳನ್ನು, ಎಂದರೆ ವಾದಿಯು ಸೋತನೆಂದು ತಿಳಿಯಬೇಕಾದ ಎಡೆಗಳನ್ನು, ಎಣಿಸಿದೆ. ಅವುಗಳಲ್ಲಿ ಅರ್ಥಾಂತರವೂ ಒಂದು. ಪ್ರಕೃತ ವಿಷಯಕ್ಕೆ ಸಂಬಂಧಿಸದ ಅರ್ಥವನ್ನು ತರುವುದೇ ಅದರ ಲಕ್ಷಣ. ಭಾಷ್ಯಕಾರನಾದ ವಾತ್ಸ್ಯಾಯನನು ಇದಕ್ಕೆ ಕೊಡುವ ಉದಾಹರಣೆ ಸ್ವಾರಸ್ಯವಾಗಿದೆ. ಶಬ್ದವು ನಿತ್ಯವೆಂದು ಸಾಧಿಸಹೊರಟವನು ಹೇತುವನ್ನು ಹೇಳಿ, ಅಲ್ಲಿಗೆ ನಿಲ್ಲದೆ, ಹೇತುವೆಂಬ ಪದವು ಯಾವ ಧಾತುವಿನಿಂದ, ಯಾವ ಪ್ರತ್ಯಯದಿಂದ ಆಯಿತೆಂದು ವ್ಯಾಕರಣವನ್ನು ಬೋಧಿಸತೊಡಗುತ್ತಾನೆ! ಹೇಳಿದ ವ್ಯಾಕರಣವು ಸರಿಯಾಗಿಯೇ ಇದ್ದೀತು. ಆದರೆ ವಾದವು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ನಿಜವಾದ ಮಾತೂ ಅಪ್ರಸ್ತುತವಾಗಬಲ್ಲದೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಮೇಲಿನ ಗೋಷ್ಠಿಯನ್ನು ಈ ಅಳತೆಗೋಲಿನಿಂದ ನೋಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ತನ್ನ ಪಕ್ಷದ ದೋಷವನ್ನು ಪರಿಹರಿಸದೆ, ಅದೇ ದೋಷ ನಿನ್ನಲ್ಲಿಯೂ ಇದೆಯೆನ್ನುವುದು ಮತಾನುಜ್ಞೆ. ಭೂವಿಜ್ಞಾನಿಯ ಬಾವಿಯೂ ಬತ್ತಿತೆಂದ ಹಿರಿಯರ ಮಾತು ಈ ಜಾತಿಯದು. ಭಕ್ತಿಲೋಪದ ವಿಲಾಪವೂ ಶಬ್ದಮೂಲದ ವಿವರಣೆಯೂ ತರುಣನ ಬೈಗಳವೂ ಅರ್ಥಾಂತರಗಳು. ಬೇರೆ ಕೆಲಸದ ನೆವದಿಂದ ಚರ್ಚೆಯನ್ನು ಮುರಿಯುವುದು ವಿಕ್ಷೇಪ. ಹೊತ್ತಾಯಿತೆಂದು ಎದ್ದುದು ಅದಕ್ಕೆ ಸಮೀಪವಾದುದು.

ಹಾಗಾದರೆ ಗೋಷ್ಠಿಯಲ್ಲಿ ಕಠೋರವಾದ ಪ್ರಶ್ನೆಯೇ ಸಲ್ಲದೆ? ಕೇಳುವವನ ಅಥವಾ ಹೇಳುವವನ ನಡತೆಯನ್ನು ಎತ್ತುವುದೇ ತಪ್ಪೆ? ಹಾಗಲ್ಲವೆಂಬುದಕ್ಕೆ ಅಲ್ಲಮಪ್ರಭುವಿನ ರೀತಿಯೇ ಸಾಕ್ಷಿ. ಶೂನ್ಯಸಂಪಾದನೆಯಲ್ಲಿ ಬರುವ ಅಕ್ಕಮಹಾದೇವಿಯ ಪ್ರಸಂಗವನ್ನು ನೋಡಬೇಕು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡುದೇಕೆಂದು ಪ್ರಭುವು ಕೇಳುತ್ತಾನೆ. ಪ್ರಶ್ನೆಯು ಕಟುವಾದುದು, ವೈಯಕ್ತಿಕವೂ ಆದುದು. ಆದರೂ ಅಪ್ರಸ್ತುತವಲ್ಲ. ದೇಹಭಾವವನ್ನು ನೀಗಿದೆನೆಂಬುದೇ ಅಕ್ಕನ ಪ್ರತಿಜ್ಞೆ; ಅದು ನಿಲ್ಲುವುದೋ ಬೀಳುವುದೋ ಎಂಬುದು ಈ ಉತ್ತರವನ್ನೇ ಅವಲಂಬಿಸಿದೆ. ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಅರ್ಥದಲ್ಲಿ ಅಕ್ಕನು ಉತ್ತರಿಸುತ್ತಾಳೆ. ಸಂವಾದವು ಮೇಲಿನ ಮೆಟ್ಟಿಲನ್ನು ಏರುತ್ತದೆ. ಪ್ರಶ್ನೆಯ ಮೃದುತ್ವವಾಗಲಿ ಕಾಠಿಣ್ಯವಾಗಲಿ ಒರೆಗಲ್ಲಲ್ಲ. ಅದರ ಉತ್ತರದಿಂದ ಪ್ರತಿಜ್ಞೆಗೆ ಏನಾದರೂ ಆಗುವುದೇ ಎಂಬುದೇ ಒರೆಗಲ್ಲು.

ಸೊನ್ನಲಿಗೆಯ ಪ್ರಸಂಗವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಕೆರೆ ದೇಗುಲಗಳ ನಿರ್ಮಾಣದಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಪ್ರಭುವು ಮಣ್ಣು ಕೆಲಸದವನೆಂಬ ಅರ್ಥದ ಮಾತಿನಿಂದ ವಿಚಾರಿಸುತ್ತಾನೆ. ಕೇಳಿದ ಕೆಲಸಗಾರರು ಕೆರಳಿ ಕಲ್ಲು ತೂರುತ್ತಾರೆ; ಸಿದ್ಧರಾಮನೂ ಕುಪಿತನಾಗಿ ಬರುತ್ತಾನೆ. ಕಲ್ಲಿಗೆ ಕಲ್ಲು, ಬೈಗಳಿಗೆ ಬೈಗಳು ಎಂದಾಗಿದ್ದರೆ ಅಲ್ಲಿಗೇ ಎಲ್ಲವೂ ಮುಗಿಯುತ್ತಿದ್ದಿತು. ಪ್ರಭುವಾದರೋ ಹೊರಗಿನ ಕಟ್ಟಡದಿಂದ ಒಳಗಿನ ಅರಿವು ಸಿದ್ಧಿಸುವುದೇ ಎಂಬ ಪ್ರಶ್ನೆಯನ್ನು ಬಿಡಲಿಲ್ಲ. ಕೊನೆಗೆ ಸಿದ್ಧರಾಮನು ಅದೇ ಪ್ರಶ್ನೆಯನ್ನು ಹೊತ್ತು ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಟನು.

ಇಲ್ಲಿ ಯಾರಾದರೂ, ಕಲ್ಲು ತೂರಿದುದು ನಡೆದ ಸಂಗತಿಯೇ ಎಂದು ಕೇಳಬಹುದು. ಅದು ಉಚಿತವಾದ ಪ್ರಶ್ನೆ. ಆದರೆ ಬೇರೆಯ ಪ್ರಶ್ನೆ. ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ್ದು ಹದಿನೈದನೆಯ ಶತಮಾನದಲ್ಲಿ; ಶರಣರ ಕಾಲಕ್ಕೂ ಅದಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಚದುರಿದ ವಚನಗಳನ್ನು ಸಂವಾದರೂಪವಾಗಿ ಜೋಡಿಸಿದ ಕೃತಿಯದು; ಕುಳಿತು ಬರೆದುಕೊಂಡ ವರದಿಯಲ್ಲ. ಚರಿತ್ರೆಯ ಪ್ರಶ್ನೆಗೆ ಶಾಸನ, ಹಸ್ತಪ್ರತಿಗಳೇ ಪ್ರಮಾಣ. ಸಂವಾದದ ಕ್ರಮವನ್ನು ಕಲಿಯಲು ಕೃತಿಯೇ ಸಾಕು. ಎರಡನ್ನೂ ಒಂದೇ ಉಸುರಿನಲ್ಲಿ ಕೇಳಿದರೆ ಎರಡೂ ಕೆಡುತ್ತವೆ.

ಹೀಗೆ ಕೆಟ್ಟ ಚರ್ಚೆಗೆ ಕರ್ನಾಟಕದ ಇತ್ತೀಚಿನ ಚರಿತ್ರೆಯಲ್ಲಿಯೂ ಉದಾಹರಣೆಯಿದೆ. ಭೌತವಿಜ್ಞಾನಿಯೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1976 ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡುವ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ತಮ್ಮ ಸಮಕ್ಷಮದಲ್ಲಿ ಪವಾಡವನ್ನು ತೋರಿಸಬೇಕೆಂದು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು, ಪರೀಕ್ಷೆಯು ನಡೆಯಲಿಲ್ಲ. ಬರಿಗೈಯಿಂದ ವಸ್ತುವು ಬರುವುದೇ ಎಂಬುದು ಅಲ್ಲಿಯ ಪ್ರಶ್ನೆ. ಬಾಬಾ ಅವರಿಂದ ಎಷ್ಟು ಜನರಿಗೆ ಸಮಾಧಾನ ದೊರೆಯಿತೆಂಬುದು ಅದಕ್ಕೆ ಉತ್ತರವಲ್ಲ. ಸಮಿತಿಯವರು ದೈವಭಕ್ತರೇ ಅಲ್ಲವೇ ಎಂಬುದೂ ಉತ್ತರವಲ್ಲ. ಅಂತೆಯೇ, ವಸ್ತುವು ಬರಲಿಲ್ಲವೆಂದು ತೋರಿದರೂ ಭಕ್ತನ ಸಮಾಧಾನವು ಸುಳ್ಳೆಂದು ಸಿದ್ಧವಾಗದು.

ಇದರಿಂದ ಒಂದು ತತ್ತ್ವವು ಹೊರಡುತ್ತದೆ. ಒಂದೊಂದು ಪ್ರತಿಜ್ಞೆಗೂ ಅದರದರ ಪ್ರಮಾಣವುಂಟು. ಲಿಂಗನಿಷ್ಠೆಯ ಪ್ರಮಾಣವು ನಡೆಯಲ್ಲಿ, ಕಾಯಕದಲ್ಲಿ, ದಾಸೋಹದಲ್ಲಿ ಕಾಣಬೇಕು; ಅದನ್ನು ಅಳೆಯುವ ಯಂತ್ರವಿಲ್ಲ. ನೆಲದೊಳಗಿನ ನೀರಿನ ಪ್ರಮಾಣವು ನೆಲದಲ್ಲಿಯೇ ಕಾಣಬೇಕು. ಅದನ್ನು ಭಕ್ತಿಯಿಂದ ತುಂಬಲಾಗದು. ತೆಂಗಿನಕಾಯಿಯನ್ನು ಸಂಶಯಿಸಿದವನು ಶಿವನನ್ನು ಸಂಶಯಿಸಿದನೆನ್ನುವುದು, ವಿಚಾರಿಸಿ ನೋಡಿದರೆ, ಶಿವನನ್ನು ಕಾಯಿಯ ಮಟ್ಟಕ್ಕೆ ಇಳಿಸಿದಂತೆ.

ಕಾಯಿಯ ಪ್ರಶ್ನೆಗೆ ಉತ್ತರವನ್ನು ಹುಡುಕುವ ದಾರಿಯೂ ಕಷ್ಟವಾದುದಲ್ಲ. ಕಾಯಿ ತೋರಿಸಿದಲ್ಲಿ ಬಿದ್ದ ಬಾವಿಗಳೆಷ್ಟು, ಬತ್ತಿದವೆಷ್ಟು, ಕಾಯಿಯಿಲ್ಲದೆ ಕೊರೆದವುಗಳಲ್ಲಿ ಬಿದ್ದವೆಷ್ಟು, ಬತ್ತಿದವೆಷ್ಟು ಎಂದು ಊರಿನ ಲೆಕ್ಕವನ್ನು ತೆಗೆಯಬೇಕು. ಗೆದ್ದ ಬಾವಿಯನ್ನು ಎಲ್ಲರೂ ನೆನೆಯುತ್ತಾರೆ, ಸೋತದ್ದನ್ನು ಮಣ್ಣು ಮುಚ್ಚುತ್ತಾರೆ. ಆದುದರಿಂದ ಎರಡನ್ನೂ ಬರೆದಿಡುವುದು ಅವಶ್ಯ. ಜರ್ಮನಿಯ ಮ್ಯೂನಿಕ್ ನಗರದ ಬಳಿ 1987-88 ರಲ್ಲಿ ಇಂಥದೇ ಪರೀಕ್ಷೆಯನ್ನು ನಡೆಸಿದರು. ನೀರು ನೋಡುವ ಸುಮಾರು 500 ಜನರಲ್ಲಿ 43 ಮಂದಿಯನ್ನು ಆರಿಸಿ, ಕಟ್ಟಡದ ಕೆಳಗಣ ಅಂತಸ್ತಿನಲ್ಲಿ ನೀರಿನ ನಳಿಗೆಯನ್ನು ಕಾಣದಂತೆ ಸರಿಸುತ್ತ, ಅದು ಎಲ್ಲಿದೆಯೆಂದು ಮೇಲಣ ಅಂತಸ್ತಿನಿಂದ ಹೇಳಲು ಕೇಳಿದರು. 843 ಪರೀಕ್ಷೆಗಳಾದುವು. ಕೆಲವರಲ್ಲಿ ಶಕ್ತಿಯಿದೆಯೆಂದು ನಡೆಸಿದವರು ಹೇಳಿದರು. ಅವೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ಎನ್‌ರೈಟ್ ಎಂಬ ವಿಜ್ಞಾನಿಯು, ಇದು ಆಕಸ್ಮಿಕಕ್ಕಿಂತ ಹೆಚ್ಚಿನದಲ್ಲವೆಂದು 1999 ರಲ್ಲಿ ತೋರಿಸಿದನು. ಭಿನ್ನಾಭಿಪ್ರಾಯವು ಬಂದರೂ ಎರಡು ಪಕ್ಷಗಳ ಕಣ್ಣೂ ಒಂದೇ ಅಂಕಿಗಳ ಮೇಲಿದ್ದಿತು. ಆದಕಾರಣವೇ ಮೂರನೆಯವನು ಇಬ್ಬರನ್ನೂ ತೂಗಿ ನೋಡಬಲ್ಲನು.

ಗೋಷ್ಠಿಯನ್ನು ನಡೆಸುವವರು ಕೆಲವು ನಿಯಮಗಳನ್ನು ಪಾಲಿಸಿದರೆ ಸಾಕು. ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳಿಸಿ, ಎಲ್ಲರಿಂದಲೂ ಒಪ್ಪಿಸಿಕೊಳ್ಳಬೇಕು. ಉತ್ತರಿಸುವವನು ಆ ವಾಕ್ಯವನ್ನು ಮತ್ತೊಮ್ಮೆ ನುಡಿದು ಆಮೇಲೆ ಮಾತಾಡಬೇಕು. ಹೊರಗಿನ ವಿಷಯವು ಯೋಗ್ಯವಾಗಿದ್ದರೆ ಅದನ್ನು ಬೈಯದೆ ಇನ್ನೊಂದು ದಿನಕ್ಕೆ ಇರಿಸಬೇಕು. ಕಬ್ಬಿನ ಬಿಲ್ಲೂ ಚರ್ಚೆಗೆ ಅರ್ಹವೇ. ಕೊನೆಯಲ್ಲಿ, ಏನನ್ನು ಕೇಳಿದರು, ಏನು ನಿರ್ಣಯವಾಯಿತು, ಏನು ಉಳಿಯಿತೆಂಬುದನ್ನು ಹೇಳಿಯೇ ಮಂಗಳಾರತಿಗೆ ಏಳಬೇಕು. ನಿರ್ಣಯವಾಗಲಿಲ್ಲವೆಂದು ಒಪ್ಪುವುದು ಗೋಷ್ಠಿಗೆ ಕೊರತೆಯಲ್ಲ. ಪ್ರಶ್ನೆಯು ಇನ್ನೂ ಉಳಿದಿದೆಯೆಂದು ತಿಳಿದು ಮನೆಗೆ ಹೋದ ರೈತನು, ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿಯಾನು.