ದಟ್ಟ ಕಾಡು, ಬಡ ಮಣ್ಣು!

ಮಕ್ಕಳೇ, ಒಂದು ಪ್ರಶ್ನೆ. ಜೋಯಿಡಾದ ದಟ್ಟ ಕಾಡಿನ ಮಣ್ಣು ಹೆಚ್ಚು ಫಲವತ್ತೋ, ಹಳಿಯಾಳದ ಬಯಲು ಹೊಲದ ಮಣ್ಣೋ? ನಾನು ಹೋದ ಶಾಲೆಗಳಲ್ಲೆಲ್ಲ ಬರುವ ಉತ್ತರ ಒಂದೇ: "ಕಾಡಿನ ಮಣ್ಣು ಸರ್!" ಅಷ್ಟೆತ್ತರದ ಮರಗಳು ಬೆಳೆದಿವೆಯಲ್ಲ!

ಜೋಯಿಡಾ ತಾಲ್ಲೂಕಿನ ಒಂದು ಶಾಲೆಯ ಹಿಂದೆ, ಕಾಡಿನ ಅಂಚಿನಲ್ಲಿ ಮಕ್ಕಳೊಂದಿಗೆ ಗುಂಡಿ ತೋಡಿ ನೋಡಿದೆವು. ಮೇಲೆ ಒಣಗಿದ ಎಲೆ. ಅದರ ಕೆಳಗೆ ಅರ್ಧ ಕೊಳೆತ ಎಲೆ, ಬಿಳಿಯ ಶಿಲೀಂಧ್ರದ ಎಳೆಗಳು, ಗೆದ್ದಲು. ಆಮೇಲೆ ಕಪ್ಪು ಮಣ್ಣು, ಅದೂ ಒಂದು ಗೇಣಿಗಿಂತ ಕಡಿಮೆ. ಅಷ್ಟರಲ್ಲೇ ಗುದ್ದಲಿಗೆ ಕೆಂಪು ಜಂಬಿಟ್ಟಿಗೆ ಸಿಕ್ಕಿತು. ಮರದ ಸಣ್ಣ ಬೇರುಗಳೆಲ್ಲ ಆ ಒಂದು ಗೇಣಿನಲ್ಲೇ ಹೆಣೆದುಕೊಂಡಿದ್ದವು.

ಇದಕ್ಕೆ ಮುಖ್ಯ ಕಾರಣ ಮಳೆ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ಅದು ಕಡಿಮೆಯಾಗುತ್ತದೆ. ಮುಂಡಗೋಡದಲ್ಲಿ ಸಾಧಾರಣ ವರ್ಷ ಇದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ಮಳೆನೀರು ಬಂಡೆಯಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿ ಹಳ್ಳಗಳ ಮೂಲಕ ಕಾಳಿ ನದಿಗೆ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಹಿಂದೆ ಉಳಿಯುತ್ತವೆ. ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಲಕ್ಷಾಂತರ ವರ್ಷ ಹೀಗೆ ತೊಳೆದು ಉಳಿದದ್ದೇ ಜಂಬಿಟ್ಟಿಗೆ. ನೆಲದೊಳಗೆ ಮೆತ್ತಗಿರುವ ಇದನ್ನು ಕಡಿದು ಗಾಳಿ-ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ!

ಹಾಗಾದರೆ ಮರಗಳಿಗೆ ಆಹಾರ ಎಲ್ಲಿಂದ? ಉದುರಿದ ಎಲೆಯಿಂದಲೇ. ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಎಲೆಯನ್ನು ಕೊಳೆಸುತ್ತವೆ. ಬಿಡುಗಡೆಯಾದ ಲವಣಗಳನ್ನು ಮಳೆ ಒಯ್ಯುವ ಮೊದಲೇ ಬೇರುಗಳು ಹೀರುತ್ತವೆ. ಅಂದರೆ ಈ ಕಾಡಿನ ಸಂಪತ್ತು ಹೆಚ್ಚಾಗಿ ಇರುವುದು ಮರದಲ್ಲಿ ಮತ್ತು ಎಲೆಯ ಹೊದಿಕೆಯಲ್ಲಿ. ಹಿಂದೆ ಕುಮರಿ ಬೇಸಾಯ ಮಾಡುವವರು ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಹಲವು ವರ್ಷ ಪಾಳು ಬಿಡುತ್ತಿದ್ದುದು ಇದಕ್ಕೇ. ಇಳಿಜಾರಿನಲ್ಲಿ ಮರ ಕಡಿದು ತರಗೆಲೆಗೆ ಬೆಂಕಿ ಇಟ್ಟರೆ ಆ ಒಂದು ಗೇಣು ಮಣ್ಣು ಕೆಲವೇ ಮಳೆಗಾಲಗಳಲ್ಲಿ ಹಳ್ಳ ಸೇರುತ್ತದೆ. ಮತ್ತೆ ಅಷ್ಟು ಮಣ್ಣಾಗಲು ನೂರಾರು ವರ್ಷ ಬೇಕು.

ದಾಂಡೇಲಿ ದಾಟಿ ಹಳಿಯಾಳಕ್ಕೆ ಬಂದರೆ ಕೆಂಪು ಗೋಡು ಮಣ್ಣು. ಭತ್ತ, ಕಬ್ಬು, ಗೋವಿನಜೋಳದ ಹೊಲಗಳು. ಇನ್ನೂ ಪೂರ್ವಕ್ಕೆ, ಹುಬ್ಬಳ್ಳಿ-ಧಾರವಾಡದ ಕಡೆ, ಎರೆ ಮಣ್ಣು ಸಿಗುತ್ತದೆ. ಅಲ್ಲಿ ಮಳೆ ಕಡಿಮೆಯಾದ್ದರಿಂದ ಕ್ಯಾಲ್ಸಿಯಂ ಪೂರ್ತಿ ತೊಳೆದುಹೋಗಿಲ್ಲ.

ಇದನ್ನು ನೀವೇ ಮಾಡಿ ನೋಡಬಹುದು. ಎರೆ ಹೊಲದಲ್ಲಿ ಸಿಗುವ ಬಿಳಿಯ ಸುಣ್ಣದ ಹರಳಿನ ಮೇಲೆ ನಾಲ್ಕು ಹನಿ ಲಿಂಬೆರಸ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ. ಜಂಬಿಟ್ಟಿಗೆಯ ಚೂರಿನ ಮೇಲೂ ಹಾಕಿ, ವ್ಯತ್ಯಾಸ ಬರೆದುಕೊಳ್ಳಿ. ಎರಡೂ ಮಣ್ಣನ್ನು ಕಲಸಿ ಉಂಡೆ ಮಾಡಿ ಎರಡು ದಿನ ಬಿಸಿಲಿಗಿಡಿ. ಯಾವುದು ಹೆಚ್ಚು ಬಿರುಕು ಬಿಟ್ಟಿತು? ಎರೆ ಮಣ್ಣು ಬೇಕಾದರೆ ಆ ಕಡೆಯ ನೆಂಟರಿಂದ ಒಂದು ಹಿಡಿ ತರಿಸಿಕೊಳ್ಳಿ. ಪೊಟ್ಟಣದ ಮೇಲೆ ಊರು, ಆಳ, ದಿನಾಂಕ ಬರೆಯಲು ಮರೆಯಬೇಡಿ.