ಹಳೆಯ ಮಾರ್ಟೈಸಿಂಗ್ ಮಷೀನ್: ಮೊದಲು ಹಿಡಿಕೆ ಎಳೆದು ನೋಡಿ

ಮರದಲ್ಲಿ ಚೌಕ ತೂತು ಹಾಕುವ ಮಾರ್ಟೈಸಿಂಗ್ ಮಷೀನಿನಲ್ಲಿ ಮೋಟಾರು ಮಾಡುವುದು ಅರ್ಧ ಕೆಲಸ ಮಾತ್ರ. ಟೊಳ್ಳಾದ ಚೌಕ ಉಳಿಯೊಳಗೆ ತಿರುಗುವ ಬೈರಿಗೆ ದುಂಡು ತೂತು ಕೊರೆದು ಹೊಟ್ಟನ್ನು ಮೇಲೆತ್ತುತ್ತದೆ. ಉಳಿದ ನಾಲ್ಕು ಮೂಲೆಗಳನ್ನು ತಿರುಗದೆ ನಿಂತ ಉಳಿಯೇ ಕತ್ತರಿಸಬೇಕು, ಅದಕ್ಕೆ ಬೇಕಾದ ಬಲ ಹಿಡಿಕೆ ಎಳೆಯುವವನ ತೋಳಿನಿಂದಲೇ ಬರಬೇಕು. ಆ ಬಲ ಅಲುಗದೆ ಉಳಿಯ ತುದಿ ಮುಟ್ಟುವಂತೆ ನೋಡಿಕೊಳ್ಳುವುದು ಎರಕದ ಕಬ್ಬಿಣ. ಇದು ತಲೆಗೆ ಹೋದ ಮೇಲೆ ಹೊಸ ಹಗುರ ಮಷೀನಿನ ಆಸೆ ಬಿಟ್ಟು ಹಳೆಯ ಭಾರದ ಮಷೀನು ಹುಡುಕತೊಡಗಿದೆ.

ಸಾಗರದ ಕಡೆ ನಾನು ಮಾಡುವುದು ಹೆಚ್ಚಾಗಿ ಹಲಸು, ಮತ್ತಿ, ಹೊನ್ನೆಯ ಬಾಗಿಲು-ಕಿಟಕಿ ಚೌಕಟ್ಟುಗಳು. ಮತ್ತಿಯಂಥ ಗಟ್ಟಿ ಮರಕ್ಕೆ ದಿನವಿಡೀ ಕೊಡತಿ ಬೀಸಿದರೆ ಭುಜ ಏನಾಗುತ್ತದೆಂದು ಈ ಕೆಲಸದವರಿಗೆ ಹೇಳಬೇಕಾಗಿಲ್ಲ. ಶಿವಮೊಗ್ಗದ ಹತ್ತಿರ ವಯಸ್ಸಾದ ಆಚಾರ್ರೊಬ್ಬರು ಕೆಲಸ ನಿಲ್ಲಿಸಿ ಮಷೀನು ಕೊಡುತ್ತಾರೆಂದು ತಿಳಿದು ಹೋದೆ. ನಾನು ಸ್ವಿಚ್ಚಿನ ಕಡೆ ಕೈ ಚಾಚಿದಾಗ ಅವರೇ ತಡೆದರು: "ಮೋಟಾರು ಆಮೇಲೆ ಕೇಳಿಸ್ಕೊಳಿ. ಮೊದ್ಲು ಹಿಡಿಕೆ ಎಳೀರಿ."

ಎಳೆದೆ. ಉಳಿ ಹೊತ್ತ ತಲೆ ಜಾರುವ ಹಾದಿಯಲ್ಲಿ ಹೆಚ್ಚು ಸವೆಯುವುದು ನಡುಭಾಗ, ದಿನದ ಕೆಲಸವೆಲ್ಲ ನಡೆಯುವುದು ಅಲ್ಲೇ. ತಲೆಯನ್ನು ನಡುವಿಗೆ ತಂದು ಉಳಿ ಕೂರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಸ್ವಲ್ಪ ಆಟವಿದ್ದರೆ ಆ ಸಡಿಲ ಸರಿಪಡಿಸಲೆಂದೇ ಪಕ್ಕದಲ್ಲಿರುವ ಗಿಬ್ ಪಟ್ಟಿಯ ಸ್ಕ್ರೂ ಬಿಗಿ ಮಾಡಿ, ತಲೆಯನ್ನು ತುದಿಯಿಂದ ತುದಿಗೆ ಓಡಿಸಬೇಕು. ನಡುವೆ ಸರಿಯಾಗಿ ಜಾರಿ ತುದಿಗಳಲ್ಲಿ ಸಿಕ್ಕಿಕೊಂಡರೆ ಸವೆತ ಪಟ್ಟಿಯಲ್ಲಿಲ್ಲ, ಕಬ್ಬಿಣದಲ್ಲೇ ಇದೆ. ಅಂಥದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ. ಆಚಾರ್ರ ಮಷೀನು ತುದಿಯವರೆಗೂ ಒಂದೇ ಬಿಗಿಯಲ್ಲಿ ಜಾರಿತು. ಮೇಜು ಸರಿಸುವ ಚಕ್ರದಲ್ಲಿ ಸಡಿಲವಿತ್ತು. ತಿರುಗಿಸುವಾಗ ಸದಾ ಒಂದೇ ದಿಕ್ಕಿನಿಂದ ಗುರುತಿಗೆ ಬಂದರೆ ಅದರಿಂದ ತೊಂದರೆಯಿಲ್ಲ. ತುಕ್ಕು, ಬಣ್ಣ ಇವನ್ನು ಲೆಕ್ಕಕ್ಕೇ ಹಿಡಿಯದೆ ನಾನು ಮಷೀನು ಕೊಂಡೆ.

ಸಾಗಿಸುವಾಗ ತಲೆಯನ್ನು ಪೂರ್ತಿ ಕೆಳಗಿಳಿಸಿ ಬಿಗಿದು, ಚಕ್ರಗಳನ್ನು ಬಿಚ್ಚಿ ಬೇರೆ ಇಡಬೇಕು. ಎರಕದ ಕಬ್ಬಿಣ ಬಾಗುವುದಿಲ್ಲ, ಪೆಟ್ಟು ಬಿದ್ದರೆ ಮುರಿಯುತ್ತದೆ.

ಮೋಟಾರು ಒಂದು ಎಚ್‌ಪಿಯ ತ್ರೀ ಫೇಸ್, ನನ್ನ ಶೆಡ್ಡಿನಲ್ಲಿರುವುದು ಸಿಂಗಲ್ ಫೇಸ್. ಇಂಥ ಚಿಕ್ಕ ಮೋಟಾರುಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್‌ನಲ್ಲಿ ಕಟ್ಟಿರುತ್ತಾರೆ. ಆರೂ ತುದಿಗಳು ಹೊರಗಿನ ಪೆಟ್ಟಿಗೆಗೆ ಬಂದಿದ್ದರೆ ಡೆಲ್ಟಾಕ್ಕೆ ಬದಲಿಸಿ, ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ 230 ವೋಲ್ಟಿನ ವಿಎಫ್‌ಡಿಯಿಂದ ಓಡಿಸಬಹುದು. ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ. ಮೊದಲ ಸಲ ಬೈರಿಗೆ ಹಾಕದೆ ಓಡಿಸಿ ತಿರುಗುವ ದಿಕ್ಕು ನೋಡಬೇಕು. ಉಲ್ಟಾ ತಿರುಗುತ್ತಿದ್ದರೆ ಕರೆಂಟು ತೆಗೆದು, ಮೋಟಾರಿಗೆ ಹೋಗುವ ಯಾವುದಾದರೂ ಎರಡು ತಂತಿ ಅದಲು ಬದಲು ಮಾಡಿದರಾಯಿತು. ಇನ್ನೊಂದು ಖರ್ಚನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ: ಈಗ ಸಿಗುವ ಬಹಳಷ್ಟು ಉಳಿಗಳ ಕುತ್ತಿಗೆ 19 ಮಿ.ಮೀ., ಹಳೆಯ ಮಷೀನಿನ ತೂತು ಅದಕ್ಕಿಂತ ದೊಡ್ಡದಿರಬಹುದು. ನನ್ನದಕ್ಕೆ ಲೇತ್ ಅಂಗಡಿಯಲ್ಲಿ ಸೀಳು ಬಿಟ್ಟ ಬುಷ್ ಮಾಡಿಸಬೇಕಾಯಿತು. ಸೀಳಿಲ್ಲದಿದ್ದರೆ ಬೋಲ್ಟ್ ಎಷ್ಟು ಬಿಗಿದರೂ ಉಳಿಗೆ ಹಿಡಿತ ಸಿಗುವುದಿಲ್ಲ.

ಇಡೀ ಮಷೀನಿನ ಜೀವ ಇರುವುದು ಉಳಿಯ ತುದಿಗೂ ಬೈರಿಗೆಯ ತುದಿಗೂ ನಡುವಿನ ಅಂತರದಲ್ಲಿ. ಬೈರಿಗೆ ಉಳಿಗಿಂತ ಸುಮಾರು ಒಂದೂವರೆ ಮಿ.ಮೀ. ಕೆಳಗಿರಬೇಕು. ಅಂತರ ಸಾಲದಿದ್ದರೆ ಎರಡೂ ಉಜ್ಜಿ ಕಿರುಚುತ್ತವೆ, ಉಕ್ಕು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಹೆಚ್ಚಾದರೆ ದೊಡ್ಡ ಚಕ್ಕೆಗಳು ಉಳಿಯೊಳಗೆ ಸಿಕ್ಕಿಕೊಳ್ಳುತ್ತವೆ. ಅಳೆಯಲು ಒಂದು ನಾಣ್ಯ ಸಾಕು. ಉಳಿಯ ಭುಜ ಮತ್ತು ಬುಷ್ ನಡುವೆ ನಾಣ್ಯವಿಟ್ಟು ಉಳಿ ಬಿಗಿಯಿರಿ. ಬೈರಿಗೆಯನ್ನು ಉಳಿಗೆ ತಾಗುವವರೆಗೂ ಮೇಲೆ ತಳ್ಳಿ ಚಕ್ಕಿನಲ್ಲಿ ಬಿಗಿಯಿರಿ. ಆಮೇಲೆ ಉಳಿ ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಪೂರ್ತಿ ಮೇಲೆತ್ತಿ ಮತ್ತೆ ಬಿಗಿಯಿರಿ. ನಾಣ್ಯದ ದಪ್ಪವೇ ಅಂತರವಾಗಿ ಉಳಿಯುತ್ತದೆ.

ಮರ ಆನಿಸುವ ಫೆನ್ಸಿಗೆ ಉಳಿಯ ಮುಖ ಸಮಾನಾಂತರವಾಗಿರಬೇಕು. ಮೂಲೆಮಟ್ಟ ಹಿಡಿದು ನೋಡುವುದು ಸರಿಯೇ, ಆದರೆ ಉಳಿ ಸಣ್ಣದಾದಷ್ಟೂ ಕಣ್ಣು ಮೋಸಹೋಗುತ್ತದೆ. ಬೇಡದ ತುಂಡಿನ ಮೇಲೆ ಒತ್ತೊತ್ತಾಗಿ ಕೆಲವು ತೂತು ಹಾಕಿದರೆ ಸತ್ಯ ತಿಳಿಯುತ್ತದೆ: ಅಂಚು ನೇರ ಗೆರೆಯಾಗಿ ಬರದೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಉಳಿ ಓರೆಯಾಗಿದೆ.

ಹೊಸ ಉಳಿಯೂ ಹರಿತವಾಗಿರುತ್ತದೆಂದು ನಂಬಬಾರದು. ಒಳಗಿನ ಇಳಿಜಾರನ್ನು ಶಂಕುವಿನಾಕಾರದ ಕಟ್ಟರಿನಿಂದ ಕೈಯಲ್ಲೇ ತಿರುಗಿಸಿ ಹರಿತ ಮಾಡುತ್ತೇನೆ. ಹೊರಗಿನ ನಾಲ್ಕೂ ಮುಖಗಳನ್ನು ನುಣ್ಣನೆಯ ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಹಗುರವಾಗಿ ಉಜ್ಜಬೇಕು. ಅಲ್ಲಿ ಹೆಚ್ಚು ತೆಗೆದರೆ ತೂತಿನ ಅಳತೆಯೇ ಕುಗ್ಗುತ್ತದೆ. ಇದಕ್ಕೆ ಕೊಡುವ ಸಮಯ ನನಗೆ ಎಂದೂ ದಂಡವೆನಿಸಿಲ್ಲ. ಹರಿತ ಮಾಡಿದ ಅರ್ಧ ಇಂಚಿನ ಉಳಿ ಮತ್ತಿಯೊಳಗೆ ಇಳಿಯುವಾಗ ಹಿಡಿಕೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಕೊರೆಯುವ ಕ್ರಮಕ್ಕೂ ಕಾರಣವಿದೆ. ಉಳಿಯ ಒಂದು ಪಕ್ಕ ಮರವಿದ್ದು ಇನ್ನೊಂದು ಪಕ್ಕ ಖಾಲಿಯಿದ್ದರೆ ಅದು ಖಾಲಿಯ ಕಡೆಗೇ ವಾಲುತ್ತದೆ. ಅದಕ್ಕೇ ಮೊದಲು ಎರಡೂ ಕೊನೆಗಳ ತೂತು, ಆಮೇಲೆ ನಡುನಡುವೆ ಉಳಿಯ ಅಗಲಕ್ಕಿಂತ ಕಡಿಮೆ ಜಾಗ ಬಿಟ್ಟು ಉಳಿದವು, ಕೊನೆಗೆ ಬಿಟ್ಟ ಗೋಡೆಗಳು. ಗೋಡೆ ತೆಗೆಯುವಾಗ ಎರಡೂ ಪಕ್ಕ ಖಾಲಿಯಿರುವುದರಿಂದ ಉಳಿ ನೇರ ಇಳಿಯುತ್ತದೆ. ಪ್ರತಿ ತುಂಡಿನ ಒಳ್ಳೆಯ ಮುಖಕ್ಕೆ ಗುರುತು ಹಾಕಿ, ಅದೇ ಮುಖವನ್ನು ಫೆನ್ಸಿಗೆ ಆನಿಸಬೇಕು. ಆಗ ಮರದ ದಪ್ಪದಲ್ಲಿ ಸಣ್ಣ ಏರುಪೇರಿದ್ದರೂ ಚೌಕಟ್ಟಿನ ಮುಂಭಾಗ ಒಂದೇ ಸಮ ಕೂರುತ್ತದೆ. ಆರಪಾರ ಹೋಗುವ ತೂತಾದರೆ ಅರ್ಧ ಕೊರೆದು ಮರ ತಿರುವಿ, ಅದೇ ಮುಖ ಮತ್ತೆ ಫೆನ್ಸಿಗೆ ಬರುವಂತೆ ಇಟ್ಟು ಇನ್ನರ್ಧ ಕೊರೆಯಿರಿ. ಎರಡೂ ಕಡೆಯ ಅಂಚು ಸಿಬಿರೇಳದೆ ಉಳಿಯುತ್ತದೆ.

ಕಾಲು ಇಂಚಿನ ಉಳಿಯನ್ನು ಮಾತ್ರ ಗಟ್ಟಿ ಮರಕ್ಕೆ ಹಾಕುವುದಿಲ್ಲ. ಅದರೊಳಗಿನ ಬೈರಿಗೆ ತೀರ ಸಣ್ಣದು, ಹೊಟ್ಟು ಕಟ್ಟಿಕೊಂಡರೆ ಬಿಸಿಯಾಗಿ ಮುರಿಯುತ್ತದೆ. ಅಂಥ ಸಣ್ಣ ಕೆಲಸ ಮತ್ತಿಯಲ್ಲಿ ಬಂದರೆ ಇಂದಿಗೂ ಕೈಯುಳಿ, ಕೊಡತಿಯಲ್ಲೇ ಮುಗಿಸುತ್ತೇನೆ.