ಕಿಟಕಿಯಾಚೆಯ ಹಸಿರು ಯಾರದು?

ಚಿ. ಸೌ. ಪುಟ್ಟಿಗೆ,

ನೀನು ಕಳಿಸಿದ ಬ್ರೋಷರ್ ಓದಿದೆ, ವಿಡಿಯೊ ಕೂಡ ನೋಡಿದೆ. ದೇವನಹಳ್ಳಿ ದಾಟಿ, ನಂದಿಬೆಟ್ಟ ಕಾಣುವ ಕಡೆ, ಹದಿನೆಂಟು ಹೋಲ್‌ಗಳ ಗಾಲ್ಫ್ ಮೈದಾನಕ್ಕೆ ಮುಖ ಮಾಡಿದ ವಿಲ್ಲಾ. ಗೇಟಿನ ಒಳಗೇ ಕ್ಲಬ್‌ಹೌಸ್, ಈಜುಕೊಳ, ಮಕ್ಕಳು ಸೈಕಲ್ ತುಳಿಯುವ ರಸ್ತೆ. ಮಗುವಿಗೆ ಬಯಲು ಬೇಕು, ನಿಮಗೆ ಉಸಿರಾಡಲು ಜಾಗ ಬೇಕು. ಈ ಆಸೆಯಲ್ಲಿ ತಪ್ಪೇನಿಲ್ಲ. ನಿಮ್ಮಮ್ಮನ ಹಾಗೆ "ಅಷ್ಟು ದೂರ ಯಾಕೆ, ಜಯನಗರದಲ್ಲೇ ಒಂದು ಫ್ಲಾಟ್ ನೋಡಬಾರದಾ" ಅಂತ ನಾನು ರಾಗ ಎಳೆಯುವುದಿಲ್ಲ. ಆದರೆ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೂತು ಊರವರ ಕ್ರಯಪತ್ರಗಳನ್ನು ಓದುತ್ತಲೇ ತಲೆ ನರೆಸಿಕೊಂಡವಳು ನಾನು. ಆ ಅಭ್ಯಾಸದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನ ಕಿಟಕಿಯಾಚೆ ಕಾಣುವ ಆ ಹಸಿರು ಯಾರದು?

ಮೈದಾನಕ್ಕೆ ಮುಖ ಮಾಡಿದ ಸಾಲಿನ ಮನೆಗೆ ಒಳಸಾಲಿನ ಮನೆಗಿಂತ ಹೆಚ್ಚು ಬೆಲೆ ಹೇಳಿದ್ದಾರೆ. ಅದಕ್ಕೆ ಪಿಎಲ್‌ಸಿ (ಆಯ್ಕೆಯ ಜಾಗಕ್ಕೆ ಹೆಚ್ಚುವರಿ ಶುಲ್ಕ) ಎಂಬ ಹೆಸರೂ ಇದೆ. ಅಂದರೆ ನೀನು ನೋಟಕ್ಕೂ ದುಡ್ಡು ಕೊಡುತ್ತಿದ್ದೀಯ. ಕರಡು ಕ್ರಯಪತ್ರ ತರಿಸಿಕೊಂಡು ಅದರ ಷೆಡ್ಯೂಲ್ ತೆಗೆದು ನೋಡು. ನಿನ್ನ ಸೈಟಿನ ಉದ್ದಗಲ ಇರುತ್ತದೆ, ಕಟ್ಟಡದ ಚದರಡಿ ಇರುತ್ತದೆ, ಚೆಕ್ಕುಬಂದಿ ಇರುತ್ತದೆ. ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ: ಗಾಲ್ಫ್ ಮೈದಾನ" ಎಂದು ಬರೆದಿದ್ದಾರೆ ಅಂತ ಹಿಗ್ಗಬೇಡ. ಚೆಕ್ಕುಬಂದಿ ನಿನ್ನ ಆಸ್ತಿ ಎಲ್ಲಿಗೆ ಮುಗಿಯುತ್ತದೆ ಎಂದಷ್ಟೇ ಹೇಳುತ್ತದೆ. ಅದರಾಚೆ ಇರುವುದು ನಾಳೆಯೂ ಹಾಗೇ ಇರಬೇಕು ಎಂದು ಯಾರ ಕೈಯನ್ನೂ ಕಟ್ಟುವುದಿಲ್ಲ.

ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. 2016ರ ಈ ಕಾಯ್ದೆ ನಿನ್ನಂಥವರಿಗೆ ದೊಡ್ಡ ಆಸರೆ. ಪಾರ್ಕು, ಆಟದ ಜಾಗದಂಥ ಸಾಮಾನ್ಯ ಪ್ರದೇಶಗಳನ್ನು ಬಿಲ್ಡರ್ ನಿವಾಸಿಗಳ ಸಂಘಕ್ಕೆ ವಹಿಸಿಕೊಡಬೇಕು. ಮಂಜೂರಾದ ನಕ್ಷೆ ಬದಲಿಸಬೇಕಾದರೆ ಮೂರರಲ್ಲಿ ಎರಡು ಪಾಲು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಆದರೆ ಇವೆಲ್ಲ ನೋಂದಣಿಯಾದ ಯೋಜನೆಯ ಗಡಿಯೊಳಗೆ ಮಾತ್ರ. ದೊಡ್ಡ ಟೌನ್‌ಶಿಪ್‌ಗಳನ್ನು ಹಂತ ಹಂತವಾಗಿ ನೋಂದಾಯಿಸುತ್ತಾರೆ, ಕಾನೂನಿನ ಲೆಕ್ಕದಲ್ಲಿ ಪ್ರತಿ ಹಂತವೂ ಬೇರೆಯದೇ ಯೋಜನೆ. ಗಾಲ್ಫ್ ಮೈದಾನ ನಿನ್ನ ಹಂತದ ಸರ್ವೆ ನಂಬರುಗಳಲ್ಲಿ ಇಲ್ಲದೆ, ಬಿಲ್ಡರನ ಇನ್ನೊಂದು ಕಂಪನಿಯ ಹೆಸರಿನಲ್ಲಿದ್ದರೆ, ಅದು ನಿನ್ನ ಸಾಮಾನ್ಯ ಪ್ರದೇಶ ಅಲ್ಲ. ಆ ಕಂಪನಿ ಅದನ್ನು ಅಡ ಇಡಬಹುದು, ಮಾರಬಹುದು, ಭೂ ಬಳಕೆ ಬದಲಿಸಿಕೊಡಿ ಎಂದು ಅರ್ಜಿಯನ್ನೂ ಹಾಕಬಹುದು. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ನಕ್ಷೆ, ಜಮೀನಿನ ವಿವರ ಸಿಗುತ್ತವೆ. ಬ್ರೋಷರಿನ ನಕ್ಷೆಯನ್ನು ಅದರ ಪಕ್ಕಕ್ಕೆ ಇಟ್ಟು ನೋಡು. ಬ್ರೋಷರಿನ ಹಸಿರಿನಲ್ಲಿ ಎಷ್ಟು ಭಾಗ ಮಂಜೂರಾತಿ ನಕ್ಷೆಯಲ್ಲೂ ಉಳಿದಿದೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ದೊಡ್ಡಮ್ಮ ಸುಮ್ಮನೆ ಹೆದರಿಸುತ್ತಾಳೆ ಅನ್ನಬೇಡ. ಗಾಲ್ಫಿನ ಸುತ್ತ ಮನೆ ಕಟ್ಟಿ ಮಾರುವುದನ್ನು ದೊಡ್ಡ ವ್ಯಾಪಾರ ಮಾಡಿದ ಅಮೆರಿಕದಲ್ಲಿ ಏನಾಯಿತು ನೋಡು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಅಲ್ಲಿಗೆ ಬರುವವರು ಆಡಿ, ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಆದರೆ ಅಮೆರಿಕದ ಬಡಾವಣೆಗಳಲ್ಲಿ ಮೈದಾನವನ್ನು ಮನೆಗಳ ನಡುವೆ ಹಾವಿನಂತೆ ಉದ್ದಕ್ಕೆ ಹಾಯಿಸುತ್ತಾರೆ, ಎರಡೂ ದಡದ ಸೈಟುಗಳನ್ನು ಹೆಚ್ಚಿನ ಬೆಲೆಗೆ ಮಾರಬಹುದಲ್ಲ. ಸೈಟುಗಳೆಲ್ಲ ಖಾಲಿಯಾದ ಮೇಲೆ ಮೈದಾನದ ಖರ್ಚು ಆಟದ ಆದಾಯದಿಂದಲೇ ಹುಟ್ಟಬೇಕು. ಹುಟ್ಟದಿದ್ದಾಗ ಬಾಗಿಲು ಹಾಕುತ್ತಾರೆ. 2006ರಿಂದ ಹಲವು ವರ್ಷ ಅಲ್ಲಿ ತೆರೆದ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚು.

ಅರಿಜೋನಾದ ಅಹ್ವಾಟುಕೀ ಲೇಕ್ಸ್ ಮೈದಾನ 2013ರಲ್ಲಿ ಮುಚ್ಚಿತು. ಅಲ್ಲಿ ಮನೆಗಳನ್ನು ಕಟ್ಟುವ ಮಾತೂ ಬಂತು. ಆದರೆ ಆ ಜಾಗ ಗಾಲ್ಫ್ ಮೈದಾನವಾಗಿಯೇ ಇರಬೇಕೆಂಬ ಷರತ್ತು ನೋಂದಾಯಿತ ದಾಖಲೆಯಲ್ಲೇ ಇತ್ತು. ನಿವಾಸಿಗಳು ವರ್ಷಗಟ್ಟಲೆ ಕೋರ್ಟು ಅಲೆದರು, ಗೆದ್ದರು. ಲಾಸ್ ವೇಗಸ್‌ನ ಕ್ವೀನ್ಸ್‌ರಿಡ್ಜ್ ಬಡಾವಣೆಯ ಬದಿಯ ಬ್ಯಾಡ್‌ಲ್ಯಾಂಡ್ಸ್ ಮೈದಾನವನ್ನು 2015ರಲ್ಲಿ ಡೆವಲಪರ್ ಒಬ್ಬರು ಕೊಂಡರು, ಮರುವರ್ಷ ಆಟ ನಿಂತಿತು. ಅಲ್ಲಿಯೂ ನಿವಾಸಿಗಳು ಕೋರ್ಟಿಗೆ ಹೋದರು. ಮೈದಾನ ಆ ಬಡಾವಣೆಯ ಷರತ್ತುಪತ್ರದ ವ್ಯಾಪ್ತಿಗೇ ಬಂದಿರಲಿಲ್ಲವಾದ್ದರಿಂದ ಅವರಿಗೆ ಏನೂ ದಕ್ಕಲಿಲ್ಲ. ಒಂದೇ ಬಗೆಯ ನೋಟ, ಒಂದೇ ಬಗೆಯ ಆಸೆ. ಗೆದ್ದವರಿಗೂ ಸೋತವರಿಗೂ ಇದ್ದ ವ್ಯತ್ಯಾಸ ಕಾಗದದಲ್ಲಿತ್ತು.

ಇನ್ನು ನೀರಿನ ಮಾತು. ಇದನ್ನು ಸೇಲ್ಸಿನ ಹುಡುಗ ತಾನಾಗಿ ಹೇಳುವುದಿಲ್ಲ, ನೀನೇ ಲೆಕ್ಕ ಹಾಕಬೇಕು. ಮೈದಾನದ ಒಟ್ಟು ವಿಸ್ತೀರ್ಣ ಬಿಡು, ಐವತ್ತು ಎಕರೆ ಹುಲ್ಲಿಗೆ ಮಾತ್ರ ನೀರು ಎಂದಿಟ್ಟುಕೊ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಹಾಯಿಸಿದರೂ 10 ಲಕ್ಷ ಲೀಟರ್ ಆಯಿತು. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಎಂಬತ್ತಕ್ಕೂ ಹೆಚ್ಚು ಲೋಡು. "ಎಸ್‌ಟಿಪಿ ನೀರನ್ನೇ, ಅಂದರೆ ಶುದ್ಧಗೊಳಿಸಿದ ಕೊಳಚೆ ನೀರನ್ನೇ ಬಳಸುತ್ತೇವೆ ಮೇಡಂ" ಅನ್ನುತ್ತಾರೆ. ಒಳ್ಳೆಯದೇ. ಮುನ್ನೂರು ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೂ ಇಡೀ ಬಡಾವಣೆ ಬಳಸುವ ನೀರೇ ಸುಮಾರು 2 ಲಕ್ಷ ಲೀಟರ್. ಅಷ್ಟೂ ಶುದ್ಧಗೊಂಡು ಹುಲ್ಲಿಗೇ ಹೋದರೂ ಉಳಿದ 8 ಲಕ್ಷ ಲೀಟರ್ ಎಲ್ಲಿಂದ? ಆ ಕಡೆಯದು ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಅಂತರ್ಜಲವನ್ನು ಮಿತಿಮೀರಿ ಎತ್ತಲಾಗಿದೆ ಎಂದು ಸರ್ಕಾರದ ಪಟ್ಟಿಯೇ ಹೇಳುತ್ತದೆ. ಅಲ್ಲಿನ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ತುಂಬಿಸುತ್ತಿರುವುದೇ ಈ ಬರಕ್ಕಾಗಿ. ಮೈದಾನಕ್ಕೂ ನಿನ್ನ ನಲ್ಲಿಗೂ ಒಂದೇ ಬೋರ್‌ವೆಲ್ ಆಗಿದ್ದರೆ, ಬತ್ತಿದ ವರ್ಷ ಮೊದಲು ಯಾರಿಗೆ ನೀರು ನಿಲ್ಲುತ್ತದೆ ಎಂದು ಬರವಣಿಗೆಯಲ್ಲಿ ಕೇಳು. ಪಕ್ಕದ ಊರಿಗೂ ಹೋಗಿ ರೇಷ್ಮೆ, ದ್ರಾಕ್ಷಿ ಬೆಳೆಯುವವರನ್ನು ಮಾತಾಡಿಸು. ಅವರ ಬೋರ್‌ವೆಲ್ ಎಷ್ಟು ಅಡಿಗೆ ಇಳಿದಿದೆ ಎಂದು ಅವರೇ ಹೇಳುತ್ತಾರೆ.

ಜಮೀನಿನ ಮೂಲವನ್ನೂ ಕೆದಕಲೇಬೇಕು. ನೂರಾರು ಎಕರೆಯ ಬಡಾವಣೆ ಎಂದರೆ ಹತ್ತಾರು ಸರ್ವೆ ನಂಬರುಗಳನ್ನು ಹೊಲಿದು ಮಾಡಿದ್ದು. ನಿನ್ನ ಸೈಟು ಬಿದ್ದಿರುವ ಸರ್ವೆ ನಂಬರಿನ ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪತ್ರ), ಭೂ ಪರಿವರ್ತನೆ ಆದೇಶ ಎಲ್ಲವನ್ನೂ ಬೇರೆ ವಕೀಲರಿಂದ ನೋಡಿಸು, ಬಿಲ್ಡರ್ ತೋರಿಸಿದ ವಕೀಲರಿಂದ ಬೇಡ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಒಳಗೆ ಸೇರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬಂದು ನಿಲ್ಲುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಅಂಥ ಜಮೀನಿನ ಮಾರಾಟ ಎಷ್ಟು ಕೈ ಬದಲಾಗಿದ್ದರೂ ಗಟ್ಟಿಯಲ್ಲ. ಗ್ರಾಮ ನಕಾಶೆಯಲ್ಲಿ ಹಳ್ಳ, ಬಂಡಿದಾರಿ, ಗೋಮಾಳ ಎಲ್ಲೆಲ್ಲಿವೆ ನೋಡು. ಮನೆ ಕಟ್ಟಲಾಗದ ತಗ್ಗು, ಕಾಲುವೆ, ಬ ಖರಾಬುಗಳು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಹುಲ್ಲು ಹೊದ್ದು ಮೈದಾನದಲ್ಲಿ ಸೇರಿಕೊಂಡಿರಲು ಸಾಧ್ಯ. ಸರ್ಕಾರದ 'ದಿಶಾಂಕ್' ಆ್ಯಪ್ ಹಿಡಿದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರು ಅಲ್ಲೇ ಕಾಣುತ್ತದೆ. ಬಿಡದಿ ಕಡೆಯ ಒಂದು ಗಾಲ್ಫ್ ರೆಸಾರ್ಟಿನ ಸರ್ಕಾರಿ ಜಮೀನಿನ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದನ್ನು ನೀನೂ ಪೇಪರಿನಲ್ಲಿ ಓದಿರುತ್ತೀಯ.

ತಿಂಗಳ ಖರ್ಚಿಗೆ ಬರೋಣ. ಇಎಂಐ ಲೆಕ್ಕ ನಿನಗೂ ಅಳಿಯಂದಿರಿಗೂ ಬಾಯಿಪಾಠ. ನಿರ್ವಹಣಾ ಶುಲ್ಕ ಚದರಡಿಗೆ 5 ರೂಪಾಯಿ ಎಂದಿಟ್ಟುಕೊಂಡರೆ 4,000 ಚದರಡಿಗೆ 20,000. ತಿಂಗಳಿಗೆ 7,500 ಮೀರಿತೆಂದರೆ ಶೇ. 18 ಜಿಎಸ್‌ಟಿ ಸೇರಿ 23,600. ಸಾಲ ತೀರಿದ ಮೇಲೂ ಇದು ತೀರುವುದಿಲ್ಲ. ಮೈದಾನ ನಷ್ಟದಲ್ಲಿ ನಡೆದರೆ ಆ ಕೊರತೆಯನ್ನು ನಿವಾಸಿಗಳ ಮೇಲೆ ಹಾಕಲು ಒಪ್ಪಂದದಲ್ಲಿ ದಾರಿ ಬಿಟ್ಟಿದ್ದಾರಾ, ನೋಡು. ಕ್ಲಬ್ಬಿನ ಸದಸ್ಯತ್ವ ಮನೆಯ ಜೊತೆಗೆ ಬರುತ್ತದಾ, ಬೇರೆ ಕೊಳ್ಳಬೇಕಾ? ಎಷ್ಟು ವರ್ಷಕ್ಕೆ? ನಾಳೆ ಮನೆ ಮಾರಿದರೆ ಕೊಂಡವರಿಗೆ ವರ್ಗವಾಗುತ್ತದಾ? ನೀವಿಬ್ಬರೂ ಗಾಲ್ಫ್ ಕೋಲು ಹಿಡಿದವರಲ್ಲ. ಆಡದವರಿಗೆ ಆ ಹುಲ್ಲಿನ ಮೇಲೆ ಬೆಳಗಿನ ವಾಕಿಂಗಿಗೂ ಬಿಡದ ನಿಯಮ ಇರಬಹುದು.

ಚೆಂಡಿನ ವಿಷಯ ಕೇಳಿ ನಗಬೇಡ. ಹೊಸದಾಗಿ ಆಡುವ ಬಲಗೈಯವರ ಹೊಡೆತ ಸಾಮಾನ್ಯವಾಗಿ ಬಲಕ್ಕೆ ವಾಲುತ್ತದೆ. ಹೊಡೆಯುವ ಜಾಗದಿಂದ ಇನ್ನೂರು ಗಜದ ಆಸುಪಾಸಿನಲ್ಲಿ, ಬಲಗಡೆ ಇರುವ ಮನೆಯ ಗಾಜಿಗೆ ಕಷ್ಟಕಾಲ. ಅಮೆರಿಕದ ಮ್ಯಾಸಚುಸೆಟ್ಸ್‌ನ ಕಿಂಗ್‌ಸ್ಟನ್‌ನಲ್ಲಿ ಒಂದು ಕುಟುಂಬದ ಮನೆಗೆ ಕೆಲವೇ ವರ್ಷಗಳಲ್ಲಿ ಸುಮಾರು 650 ಚೆಂಡು ಬಿದ್ದವು. 2021ರಲ್ಲಿ ಜ್ಯೂರಿ ಬಡ್ಡಿ ಸೇರಿ ಸುಮಾರು 49 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮರುವರ್ಷ ರಾಜ್ಯದ ಉಚ್ಚತಮ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾರಣ, ಬಡಾವಣೆಯ ದಾಖಲೆಗಳಲ್ಲೇ ಮೈದಾನಕ್ಕೆ ಕೆಲವು ಹಕ್ಕುಗಳಿದ್ದವು, ಅವನ್ನು ತೂಗಿ ನೋಡುವಂತೆ ಜ್ಯೂರಿಗೆ ಹೇಳಿರಲಿಲ್ಲ. ಇಲ್ಲಿಯೂ ಗೆಲುವು ಸೋಲು ಕಾಗದದ ಮೇಲೇ ನಿಂತಿತು.

ಹಾಗಾದರೆ ಬೇಡವೇ ಎಂದು ಕೇಳುತ್ತೀಯ. ಕಾಗದ ಸರಿ ಇದ್ದರೆ ಖಂಡಿತ ಕೊಳ್ಳು. ನನ್ನನ್ನು ಕೇಳಿದರೆ ಒಳಸಾಲಿನ ಮನೆ ಮೇಲು. ಗೇಟು ಅದೇ, ರಸ್ತೆ ಅದೇ, ಮಗುವಿನ ಸೈಕಲ್ಲೂ ಅಲ್ಲೇ ಓಡುತ್ತದೆ. ಮೈದಾನ ಉಳಿಯದಿದ್ದರೆ ನೋಟದ ಬಾಬ್ತು ಕೊಟ್ಟ ದುಡ್ಡು ಮುಳುಗುವುದಿಲ್ಲ. ಕೊಳ್ಳುವ ಮೊದಲು ಅಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು ಒಂದು ಏಪ್ರಿಲ್ ಕಳೆಯಿರಿ. ನೀರು ಹೇಗೆ, ಆಫೀಸಿಗೆ ದಾರಿ ಎಷ್ಟು ಹೊತ್ತು, ಮುಂಜಾನೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಎಷ್ಟು, ಎಲ್ಲ ತಾನಾಗಿ ತಿಳಿಯುತ್ತದೆ.

"ಈ ಶನಿವಾರದೊಳಗೆ ಬುಕ್ ಮಾಡಿದರೆ ಮಾತ್ರ ಈ ರೇಟು" ಎಂದರೆ ಶನಿವಾರ ಹೋಗಲಿ ಬಿಡು. ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳಲು ರೇರಾ ಕಾಯ್ದೆಯ 13ನೇ ಕಲಂ ಬಿಡುವುದಿಲ್ಲ. ನನ್ನ ಮಾತು ಕೇಳುವುದಾದರೆ ಮೂರು ಕಾಗದ ಕೈಗೆ ಬರುವ ತನಕ ಟೋಕನ್ನನ್ನೂ ಕೊಡಬೇಡ. ಮೈದಾನದ ಸರ್ವೆ ನಂಬರುಗಳ ಇಸಿ ಒಂದು. ಮೈದಾನವನ್ನೂ ಸೇರಿಸಿ ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ ಎರಡು. ಆ ಜಾಗವನ್ನು ಬೇರೆ ಬಳಕೆಗೆ ಕೊಡುವುದಿಲ್ಲ ಎಂದು ಅದರ ಮಾಲೀಕರೇ ಸಹಿ ಮಾಡಿ, ನಿನ್ನ ಕ್ರಯಪತ್ರದಲ್ಲಿ ಸೇರಿಸುವ ಷರತ್ತು ಮೂರು. ಮೂರನೆಯದನ್ನು ಕೇಳಿದಾಗ ಅವರು ಏನು ಹೇಳುತ್ತಾರೆಂದು ಗಮನವಿಟ್ಟು ಕೇಳು. "ಅದೆಲ್ಲ ನಮ್ಮಲ್ಲಿ ಇಲ್ಲ ಮೇಡಂ" ಎಂದರೆ ಅವರು ನಿನಗೆ ಮನೆಯನ್ನಷ್ಟೇ ಮಾರುತ್ತಿದ್ದಾರೆ. ಆಗ ನೀನೂ ಮನೆಯ ಬೆಲೆಯನ್ನಷ್ಟೇ ಕೊಡು.

ಕಾಗದಗಳು ಬಂದೊಡನೆ ನನಗೆ ಕಳಿಸು, ನಾನೂ ಒಮ್ಮೆ ಓದುತ್ತೇನೆ. ಅಳಿಯಂದಿರಿಗೂ ಮಗುವಿಗೂ ಆಶೀರ್ವಾದ.

ಇಂತಿ,
ನಿನ್ನ ದೊಡ್ಡಮ್ಮ